ಬಾವಿ ಅಮೋಗಿ ನೋಡಿದ ಅರ್ಧ ಪಿಚ್ಚರು

ನೀಲಗಂಗಾ ಆ ಹೆಸರನ್ನು ಮೊದಲ ಸಲ ಕೇಳಿದ್ದು ಹಸಿದ ಹೊಟ್ಟೆಯಲ್ಲಿ.

ಎಪ್ಪತ್ತೊಂದನೆಯ ಇಸವಿಯ ಶ್ರಾವಣ ಅದು. ಅಕ್ಕಲಕೋಟದ ಹುಡುಗಿ, ಸೊಲ್ಲಾಪುರದ ಚಾದರ ವ್ಯಾಪಾರದವರ ಮನೆಗೆ ಸೊಸೆಯಾಗಿ ಬಂದು ಒಂದು ವರ್ಷ ಆಗಿತ್ತು. ಮುಂಜಾನೆ ಹಿತ್ತಲ ಬಾವಿಯಲ್ಲಿ ನೀರು ಸೇದುವಾಗ ಕೊರಳಿನ ಶಿವದಾರ ಹಗ್ಗಕ್ಕೆ ಸಿಕ್ಕಿ ಹರಿಯಿತು. ಬೆಳ್ಳಿಯ ಕರಡಿಗೆ ಒಳಗಿನ ಲಿಂಗದ ಸಮೇತ ಕಲ್ಲಿಗೆ ಎರಡು ಸಲ ಬಡಿದು ಬುಳುಕ್ ಅಂತ ಮುಳುಗಿತು. ನೀಲಗಂಗಾಗೆ ಕೈಯಲ್ಲಿದ್ದ ಹಗ್ಗ ಬಿಡಬೇಕೋ ಹಿಡಿಯಬೇಕೋ ತಿಳಿಯಲಿಲ್ಲ.

ಅತ್ತೆ ರತ್ನಾಬಾಯಿ ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು. ಒಲೆಯ ಮೇಲಿನ ಚಹಾದ ಪಾತ್ರೆ ಇಳಿಸಿ ಬಚ್ಚಲಿಗೆ ಸುರಿದಳು. "ಲಿಂಗ ಎದಿಗೆ ಬರೂತನಕ ಬಾಯಾಗ ಹನಿ ನೀರೂ ಹಾಕಂಗಿಲ್ಲವಾ. ನೀ ಉಪಾಸ ಇರೂತನಕ ನಾನೂ ಇರ್ತೀನಿ" ಅಂದಳು.

ಗಂಡ ಸಾತಲಿಂಗಪ್ಪ ಪಾತಾಳಗರಡಿ ಬಿಟ್ಟು ಹನ್ನೊಂದರ ತನಕ ಬಾವಿ ಕಲಕಿದ. ಆ ಕಬ್ಬಿಣದ ಕೊಕ್ಕೆಗಳಿಗೆ ಒಂದು ತೂತು ಬಕೆಟ್ ಸಿಕ್ಕಿತು, ಒಂದು ಹಳೆ ಚಪ್ಪಲಿ ಸಿಕ್ಕಿತು. ಕಡೆಗೆ ಬೆವರು ಒರೆಸಿಕೊಳ್ಳುತ್ತ ಅಂದ: "ಇದು ನನ್ನಿಂದ ಆಗೂ ಮಾತಲ್ಲ. ಎಂಐಡಿಸಿಯಾಗ ಮೈಂದರ್ಗಿ ಅಮೋಗಿ ಅದಾನಲ್ಲ, ಬಾವಿ ಅಮೋಗಿ, ಅವನ್ನ ಕರಸ್ಬೇಕು."

ಹಸಿವೆಯಲ್ಲಿ ಕಣ್ಣಿಗೆ ಕತ್ತಲೆ ಬರುತ್ತಿದ್ದ ನೀಲಗಂಗಾಗೆ ಆ ಹೆಸರು ದೇವರ ಹೆಸರು ಕೇಳಿದಂತೆ ಕೇಳಿಸಿತು.

ಅಮೋಗಿ ಅಂದರೆ ಅಮೋಗಸಿದ್ಧ. ಮೈಂದರ್ಗಿ ಊರಿನ ಕುರಿ ಕಾಯುವ ಮನೆತನದವ. ತಮ್ಮಂದಿರಿಗೆ ಕುರಿ ಬಿಟ್ಟುಕೊಟ್ಟು ಅಕ್ಕಲಕೋಟ ರಸ್ತೆಯ ಎಂಐಡಿಸಿ ಕಾರಖಾನೆಗಳ ಸಾಲಿನ ಒಂದು ಪವರ್‌ಲೂಮಿನಲ್ಲಿ ನೂಲಿನ ಗಂಟು ಹೊರುವ ಕೆಲಸಕ್ಕೆ ನಿಂತಿದ್ದ. ಆದರೆ ಊರಿಗೆ ಅವನ ಗುರುತು ಇದ್ದದ್ದು ಬಾವಿಯಿಂದ. ಬಿದ್ದ ಕೊಡ, ಬಿದ್ದ ಮೂಗುತಿ, ಬಿದ್ದ ಕರು, ಏನಿದ್ದರೂ ಅಮೋಗಿಯೇ ತೆಗೆಯಬೇಕು. ಸೈಕಲ್ಲಿನ ಮೇಲೆ ಬಂದ. ಹಿಂದಿನ ಕ್ಯಾರಿಯರ್ ಮೇಲೆ ಹಗ್ಗದ ಸಿಂಬೆ ತೊಡೆಯ ಮೇಲಿಟ್ಟುಕೊಂಡು ಹೆಂಡತಿ ಸುಗಲಾಬಾಯಿ. ಗಿಡ್ಡ ಮನುಷ್ಯ, ಎದೆ ಮಾತ್ರ ಬಾಗಿಲಿನ ಅಗಲ.

"ಎಲ್ಲಿ ಬಿತ್ರಿ ಅವ್ವಾರ? ಈ ಕಡೀಗೋ, ಆ ಕಡೀಗೋ?"

ನೀಲಗಂಗಾ ಸೆರಗಿನೊಳಗಿಂದ ಕೈ ಮಾಡಿ ತೋರಿಸಿದಳು.

ಅವನು ಗೋಡೆಯ ಬುಡದಲ್ಲಿದ್ದ ಗುಂಡುಕಲ್ಲನ್ನು ಎತ್ತಿ ನೋಡಿ, ಟವೆಲ್ಲಿನಲ್ಲಿ ಸುತ್ತಿ ಬೆನ್ನಿಗೆ ಕಟ್ಟಿಕೊಂಡ, ಒಂದೇ ಜಗ್ಗಿಗೆ ಬಿಚ್ಚಿಹೋಗುವಂಥ ಗಂಟು. ಲಗೂನೆ ತಳಕ್ಕೆ ಹೋಗಬೇಕಾದರೆ ಬೆನ್ನಿಗೆ ಕಲ್ಲು ಬೇಕು. ತಳ ಮುಟ್ಟಿದ ಮೇಲೆ ಬಿಚ್ಚಿಬಿಡಬೇಕು. ನಡಕ್ಕೆ ಹಗ್ಗ. ಹಗ್ಗದ ಇನ್ನೊಂದು ತುದಿ ಸುಗಲಾಬಾಯಿಯ ಕೈಯಲ್ಲಿ. ದೇವರ ಅರಿಶಿನದ ಭಂಡಾರ ಚಿಟಿಕೆ ಹಣೆಗೆ, ಚಿಟಿಕೆ ನೀರಿಗೆ. "ಬಿರೋಬಾಚ್ಯಾ ನಾವಾನಂ ಚಾಂಗಭಲಂ!" ಅಂತ ಮನೆದೇವರು ಬಿರೋಬಾನ ಜಯಕಾರ ಕೂಗಿ ಹಾರಿದ.

ಸುಗಲಾಬಾಯಿ ಎಣಿಸತೊಡಗಿದಳು. ಒಂದು, ಎರಡು, ಮೂರು. ಗಟ್ಟಿ ದನಿ, ಒಂದೇ ಸಮ. ಅರವತ್ತಕ್ಕೆ ಹಗ್ಗ ಒಮ್ಮೆ ಜಗ್ಗಿದಳು. ಒಳಗಿಂದ ಅವನೂ ಒಮ್ಮೆ ಜಗ್ಗಿದ. "ಅದಾನ" ಅಂದಳು, ಪಕ್ಕದ ಕೋಣೆಯಲ್ಲಿದ್ದಾನೆ ಅನ್ನುವ ಹಾಗೆ.

ಮೊದಲ ಸಲ ಮೇಲೆ ಬಂದಾಗ ಕೈಯಲ್ಲಿ ಹಿತ್ತಾಳೆ ತಂಬಿಗೆ ಇತ್ತು. ರತ್ನಾಬಾಯಿ ಹೌಹಾರಿದಳು. "ಅಯ್ಯ ನನ ಶಿವನ! ಇದು ನಮ್ಮತ್ತಿ ತಂಬಿಗಿ! ನಾನ ಕಳದೀನಿ ಅಂತ ಸಾಯೂತನಕ ಅಂದಾಕಿ!"

"ಬರಿಗೈಲೆ ಮ್ಯಾಲ ಬಂದವ ಅಲ್ರಿ ನಾ" ಅಂತ ನಕ್ಕು ಮತ್ತೆ ಮುಳುಗಿದ.

ಎರಡನೆಯ ಸಲ ಸುಗಲಾಬಾಯಿಯ ಎಣಿಕೆ ನೂರಾ ಹದಿನೆಂಟಕ್ಕೆ ಹೋಯಿತು. ಮೇಲೆ ಬಂದಾಗ ಅವನ ಎರಡೂ ಕೈ ಖಾಲಿ. ಆಮೇಲೆ ಅವನು ತಲೆಯ ಮೇಲಿನ ವಸ್ತ್ರ ಬಿಚ್ಚಿದ. ಕರಡಿಗೆ ಅದರೊಳಗೆ ಇತ್ತು. ಲಿಂಗವನ್ನು ಕೈಯಲ್ಲಿ ಹಿಡಿದು ತರಬಾರದು ಅಂತ ತಲೆಯ ಮೇಲೆ ಹೊತ್ತು ತಂದಿದ್ದ.

"ನಾ ಕುರುಬರಾಂವ, ಮುಟ್ಟೀನ್ರಿ. ತೊಳಕೋರಿ" ಅಂದ.

"ಮುಂಜಾನಿಂದ ನೀರಾಗ ಇತ್ತು ಲಿಂಗ. ಮತ್ತೇನು ತೊಳೀಲೆಪ್ಪಾ?" ಅಂದಳು ರತ್ನಾಬಾಯಿ. ಅಷ್ಟು ಮಡಿಯ ಹೆಂಗಸೇ ಹಾಗೆ ಅಂದದ್ದು.

ಲಿಂಗ ತೆಗೆದದ್ದಕ್ಕೆ ಅವನು ರೊಕ್ಕ ಮುಟ್ಟಲಿಲ್ಲ. ಎಲ್ಲರೂ ಕೂಡಿ ಊಟ ಮಾಡಿದರು. ಅಂದಿನಿಂದ ನೀಲಗಂಗಾಗೆ ಅವನು ಅಮೋಗಿ ಕಾಕಾ. ಅವನಿಗೆ ಇವಳು ತಂಗೆವ್ವ.

ಆಮೇಲೆ ಆರೇಳು ವರ್ಷದಲ್ಲಿ ಓಣಿಗೆಲ್ಲ ನಳ ಬಂತು. ಒಂದೊಂದೇ ಬಾವಿಗೆ ಹಲಗೆ ಮುಚ್ಚಿದರು. ಲೂಮಿನೊಳಗೆ ಹಾರುವ ಅರಳೆಯ ಧೂಳು ಅಮೋಗಿಯ ಎದೆಯಲ್ಲಿ ಕೂತಿತು. ಕೆಮ್ಮು ಬಂದರೆ ಗೋಡೆ ಹಿಡಿದು ನಿಲ್ಲುತ್ತಿದ್ದ. ಡಾಕ್ಟರು ಕಿವಿ ನೋಡಿದರು, ಎದೆ ನೋಡಿದರು, ಎರಡೇ ಮಾತು ಹೇಳಿದರು: ನೀರಿಗೆ ಇಳಿಯಬೇಡ, ಇಳಿದರೆ ಮೇಲೆ ಬರುವುದಿಲ್ಲ.

ಅವತ್ತಿನಿಂದ ಅವನು ಅರ್ಧ ಆದ. ಕೆಲಸ ಹೋದದ್ದಕ್ಕಲ್ಲ. ಬಾವಿಯ ತಳದಲ್ಲಿ ಕೂತಾಗ ಸಿಗುತ್ತಿದ್ದ ಆ ಸಪ್ಪಳವಿಲ್ಲದ ತಂಪು ಇನ್ನು ಈ ಜನ್ಮಕ್ಕಿಲ್ಲ ಅನ್ನುವುದು ಅವನನ್ನು ತಿಂದಿತು. ಸುಗಲಾಬಾಯಿ ಚಾದರಕ್ಕೆ ಗೊಂಡೆ ಕಟ್ಟುವ ಕೆಲಸಕ್ಕೆ ಇವರ ಮನೆಗೆ ಬರುತ್ತಿದ್ದಳು. ಕಟ್ಟುತ್ತ ಕಟ್ಟುತ್ತ ಹೇಳುತ್ತಿದ್ದಳು: "ಬಕೆಟ್ಟಿನಾಗ ಮಾರಿ ಮುಣಗಿಸಿ ಕುಂಡ್ರತಾನ್ರಿ, ಸಣ್ಣ ಕೂಸಿನಂಗ."

ಎಪ್ಪತ್ತೆಂಟರಲ್ಲಿ ಒಂದು ದಿನ ಬಂದವಳು ಗೊಂಡೆಗೆ ಕೈಯೇ ಹಾಕಲಿಲ್ಲ.

"ತಂಗೆವ್ವಾ, ಸ್ಟೇಶನ್ ಕಡೆ ಟಾಕೀಜಿಗೆ ಒಂದು ಇಂಗ್ರೇಜಿ ಪಿಚ್ಚರ್ ಬಂದೈತೆಂತ. ಬೋರ್ಡಿನ ಮ್ಯಾಲ ನೀರಾಗ ಮುಣಗಿದಾಂವ ಒಬ್ಬ, ಮುಂದ ಬಂಗಾರದ ಪೆಟಗಿ. ನಮ್ಮಾಂವ ಮೂರು ದಿನಾ ಆತು ಅದರ ಮುಂದ ನಿಂತಾನ. ಟಾಂಗಾದಾಂವ ಬೈದ್ರೂ ಸರಿಯಾಂಗಿಲ್ಲ."

"ಹಂಗಾರ ಒಳಗ ಹೋಗಿ ನೋಡ್ಲಿ."

"ಇಂಗ್ರೇಜಿ ತಿಳಿಯಾಂಗಿಲ್ಲ, ಒಬ್ಬಾಂವಗ ನಾಚಿಕಿ ಅಂತಾನ. ನೀವು ಸಾಲಿ ಕಲ್ತೀರಿ, ಬರ್ರಲ್ಲ."

ನೀಲಗಂಗಾ ಕಲಿತದ್ದು ನಾಲ್ಕನೆಯ ಇಯತ್ತೆ, ಅದೂ ಮರಾಠಿ. ಆದರೂ ಬರುವುದಿಲ್ಲ ಅನ್ನಲು ಬಾಯಿ ಬರಲಿಲ್ಲ. ಸಾತಲಿಂಗಪ್ಪನಿಗೆ ಹೇಳಿದಳು. ಅವನು ನಕ್ಕು, "ಇಂಗ್ರೇಜಿ ಪಿಚ್ಚರಾಗ ಹೆಣ್ಮಕ್ಕಳು ಚಡ್ಡಿ ಹಾಕ್ಕೊಂಡು ಈಸತಾರ. ಅವ್ವಗ ತಿಳದ್ರ ಮನಿಯಾಗ ನಿನ್ನನ್ನೂ ಇಡಾಂಗಿಲ್ಲ, ನನ್ನನ್ನೂ ಇಡಾಂಗಿಲ್ಲ" ಅಂದು ಮೂರು ತಿಕೀಟು ತಂದುಕೊಟ್ಟ. ಅತ್ತೆಗೆ ಸಿದ್ಧರಾಮನ ಗುಡಿಗೆ ಹೋಗುತ್ತೇನೆ ಅಂತ ಹೇಳಿದ್ದಾಯಿತು. ನೀಲಗಂಗಾ ರತ್ನಾಬಾಯಿಗೆ ಹೇಳಿದ ಮೊದಲ ಸುಳ್ಳು ಅದು.

ಮಾರ್ನಿಂಗ್ ಶೋ. ಹೆಣ್ಣುಮಕ್ಕಳ ಸಾಲಿನಲ್ಲಿ ಇವರಿಬ್ಬರೇ. ನಡುವೆ ಓಡಾಡುವ ಜಾಗ ಬಿಟ್ಟು ಆ ಕಡೆ ಗಂಡಸರ ಸಾಲಿನ ತುದಿಯಲ್ಲಿ ಅಮೋಗಿ, ಒಗೆದ ಧೋತರ, ಹಣೆಗೆ ಭಂಡಾರ.

ಪಿಚ್ಚರ್ ಅಂಥಾ ದೊಡ್ಡದೇನಲ್ಲ. ಒಬ್ಬ ಒಳ್ಳೆಯವ, ಒಬ್ಬ ಒಕ್ಕಣ್ಣಿನ ಕೆಟ್ಟವ, ಇಬ್ಬರಿಗೂ ಮುಳುಗಿದ ಹಡಗಿನೊಳಗಿನ ಬಂಗಾರವೇ ಬೇಕು. ನಡುವೆ ಒಬ್ಬ ಹುಡುಗಿ. ಆಕೆಗೆ ಒದ್ದೆಯಾಗುವುದು ಬಿಟ್ಟು ಬೇರೆ ಕೆಲಸ ಇರಲಿಲ್ಲ. ಒಂದು ದೊಡ್ಡ ಮೀನು ಬಾಯಿ ತೆರೆದಾಗ ಹಲ್ಲು ರಬ್ಬರಿನಂತೆ ಅಳ್ಳಾಡಿದವು. ನೀಲಗಂಗಾ ಮೊದಲು ಸೆರಗು ಕಣ್ಣಿಗೆ ಅಡ್ಡ ಹಿಡಿದಳು. ಆಮೇಲೆ ಸೆರಗಿನ ಸಂದಿಯಿಂದ ನೋಡಿದಳು. ಆಮೇಲೆ ಸೆರಗು ಯಾವಾಗ ಹೆಗಲಿಗೆ ಬಂತೋ ಗೊತ್ತಾಗಲಿಲ್ಲ.

ಒಳ್ಳೆಯವ ಬೆನ್ನಿಗೆ ಏನೋ ಕಟ್ಟಿಕೊಂಡು ದೋಣಿಯಿಂದ ನೀರಿಗೆ ಹಾರಿದ. ಪರದೆಯ ತುಂಬ ನೀಲಿ ನೀರು. ಆ ಕಡೆಯಿಂದ ಅಮೋಗಿಯ ದನಿ ಬಂತು: "ಬರೋಬ್ಬರಿ! ಕಲ್ಲು ಕಟ್ಟಿಕೊಂಡಾನ!"

ಮತ್ತು ನೀಲಗಂಗಾಳ ಪಕ್ಕದಲ್ಲಿ ಸುಗಲಾಬಾಯಿ ಶುರು ಮಾಡಿದಳು. "ಒಂದು. ಎರಡು. ಮೂರು."

"ಏ ಬಾಯಿ, ಗಪ್ ಬಸ್ ಕೀ!" ಸುಮ್ಮನೆ ಕೂಡು ಅಂತ ಹಿಂದಿನಿಂದ ಯಾರೋ ಮರಾಠಿಯಲ್ಲಿ ಕೂಗಿದರು. ಅವಳಿಗೆ ಕೇಳಿಸಲಿಲ್ಲ. ಇಪ್ಪತ್ತು ವರ್ಷದ ರೂಢಿ. ಯಾರೇ ಮುಳುಗಲಿ, ಎಣಿಸಬೇಕು. ಅರವತ್ತಕ್ಕೆ ಅವಳ ಕೈ ಇಲ್ಲದ ಹಗ್ಗವನ್ನು ಜಗ್ಗಿತು. ಎಂಬತ್ತಾಯಿತು. ಪರದೆಯ ಮೇಲಿನವ ಆರಾಮಾಗಿ ಮೀನು ನೋಡುತ್ತ ಹೊರಟಿದ್ದ. ತೊಂಬತ್ತು. ಅವಳು ಈಗ ಪರದೆಯನ್ನು ನೋಡುತ್ತಿರಲಿಲ್ಲ, ಆ ಕಡೆಯ ಸಾಲನ್ನು ನೋಡುತ್ತಿದ್ದಳು. ನೀಲಗಂಗಾಳೂ ತಿರುಗಿದಳು. ನೀಲಿ ಬೆಳಕಿನಲ್ಲಿ ಅಮೋಗಿ ಕುರ್ಚಿಯ ಕೈ ಹಿಡಿದು ನೆಟ್ಟಗೆ ಕೂತಿದ್ದ. ಗಲ್ಲ ಉಬ್ಬಿತ್ತು, ಕಣ್ಣು ಹೊರಗೆ ಬಂದಿದ್ದವು.

ಪರದೆಯವನ ಸಂಗಡ ಅವನೂ ಉಸಿರು ಹಿಡಿದಿದ್ದ.

"ಮ್ಯಾಲ ಬರ್ರೀ!" ಅಂತ ಸುಗಲಾಬಾಯಿ ಚೀರಿದಳು. "ಅಯ್ಯಯ್ಯೋ... ಮ್ಯಾಲ ಬಾರೋ!"

ನೂರಾ ನಾಲ್ಕಕ್ಕೆ ಅಮೋಗಿ ಕುರ್ಚಿಯಿಂದ ಕೆಳಗೆ ಬಿದ್ದ.

ದೀಪ ಹಚ್ಚಿದರು. ಬಾಗಿಲು ಕಾಯುವ ಖಂಡಪ್ಪ ಮತ್ತೊಬ್ಬರು ಕೂಡಿ ಅವನನ್ನು ಹೊರಗೆ ಗಾಳಿಗೆ ತಂದು ಮಲಗಿಸಿದರು. ಸೋಡಾ ಮುಖಕ್ಕೆ ಹೊಡೆದ ಮೇಲೆ ಕಣ್ಣು ಬಿಟ್ಟ. ಕೆಮ್ಮು ನಿಂತ ಮೇಲೆ ಆಡಿದ ಮೊದಲ ಮಾತು: "ಅವ ಬಂದ್ನ?"

"ಅವ ಯಾಕ ಬರ್ತಾನೋ ಕಾಕಾ!" ಅಂದ ಖಂಡಪ್ಪ. "ಅವನ ಬೆನ್ನಿಗಿದ್ದದ್ದು ಕಲ್ಲಲ್ಲ, ಗಾಳಿ ತುಂಬಿದ ಟಾಕಿ. ಬಾಯಾಗ ನಳಗಿ ಇಟ್ಟಾರ, ನೋಡಿಲ್ಲ? ಅವ ಒಳಗೂ ಉಸರಾಡತಾನ."

ಅಮೋಗಿಗೆ ಮೊದಲು ಸಿಟ್ಟು ಬಂತು. "ಹಂಗಾರ ಅದೇನ ದೊಡ್ಡಸ್ತನ? ಹಂಗ ನಮ್ಮ ರತ್ನಾಬಾಯಾರೂ ಮುಣಗತಾರ." ಆಮೇಲೆ ಸಿಟ್ಟು ಇಳಿಯಿತು. ಮೆಲ್ಲಗೆ ಅಂದ: "ತಂಗೆವ್ವಾ, ಅಂಥಾದೊಂದು ನನಗ ಸಿಕ್ಕಿದ್ರ ನಾ ಮ್ಯಾಲ ಬರ್ತಿದ್ದಿಲ್ಲ ನೋಡ್ರಿ. ಅಲ್ಲೇ ಚಾಪಿ ಹಾಸ್ಕೊಂಡು ಮಕ್ಕೋತಿದ್ದೆ."

ಡಾಕ್ಟರು ಪಿಚ್ಚರನ್ನೂ ಬಂದ್ ಮಾಡಿದರು. ಅಮೋಗಿ ಹಾಸಿಗೆ ಹಿಡಿದ. ಬಂದವರಿಗೆಲ್ಲ ಒಂದೇ ಕೇಳುವುದು: ಪೆಟ್ಟಿಗೆ ಸಿಕ್ಕಿತೋ ಇಲ್ಲೋ? ಲೂಮಿನ ಹುಡುಗರು ಯಾರೂ ಅದನ್ನು ನೋಡಿರಲಿಲ್ಲ. ಶುಕ್ರವಾರ ಪಿಚ್ಚರ್ ಬದಲಾಗುವುದಿತ್ತು.

ಗುರುವಾರ ಮುಂಜಾನೆ ನೀಲಗಂಗಾ ರೂಪಾಭವಾನಿ ಗುಡಿಗೆ ಹೋಗುತ್ತೇನೆ ಅಂತ ಹೇಳಿ ಒಬ್ಬಳೇ ಟಾಕೀಜಿಗೆ ಹೋದಳು. ಖಂಡಪ್ಪ ಗುರುತು ಹಿಡಿದು, ಮೂಲೆಯ ಕುರ್ಚಿ ತೋರಿಸಿ, "ಕಾಕಾನ ಸಲುವಾಗಿ ಬಂದೀರಲ್ಲ?" ಅಂದ. ಹೌದು ಅಂತ ತಲೆ ಆಡಿಸಿದಳು. ಆದರೆ ಶೇಂಗಾದ ಪುಡಿಕೆ ಬಿಚ್ಚಿ, ಆ ರಬ್ಬರ್ ಮೀನು ಎರಡನೆಯ ಸಲ ಬಾಯಿ ತೆರೆದಾಗ, ಮತ್ತೆ ಅಷ್ಟೇ ಹೆದರಿ, ಹೆದರಿಕೆಗೆ ತಾನೇ ನಕ್ಕಾಗ ಅವಳಿಗೆ ತಿಳಿಯಿತು: ಬರೀ ಕಾಕಾನ ಸಲುವಾಗಿ ಅಲ್ಲ. ಇಷ್ಟು ಹುಚ್ಚು ಪಿಚ್ಚರ್ ಇಷ್ಟು ಸುಖ ಕೊಡುತ್ತದೆ ಅಂತ ಯಾರಿಗಾದರೂ ಹೇಳಲಿಕ್ಕೂ ನಾಚಿಕೆ.

ಮನೆಗೆ ಬಂದಾಗ ರತ್ನಾಬಾಯಿ ಪಡಸಾಲೆಯಲ್ಲಿ ಕೂತಿದ್ದಳು. "ಪ್ರಸಾದ?"

ನೀಲಗಂಗಾ ತಬ್ಬಿಬ್ಬಾಗಿ ಕೈಯಲ್ಲಿ ಉಳಿದಿದ್ದ ನಾಲ್ಕು ಶೇಂಗಾ ಮುಂದೆ ಹಿಡಿದಳು. ಅತ್ತೆ ಒಂದನ್ನು ಬಾಯಿಗೆ ಹಾಕಿಕೊಂಡು ಅಗಿದಳು.

"ದೇವಿ ಈಗೀಗ ಉಪ್ಪು ಹಚ್ಚಿದ ಶೇಂಗಾ ಕೊಡಾಕತ್ಯಾಳ?"

ನೀಲಗಂಗಾ ನೆಲ ನೋಡಿದಳು.

"ಹೋದ ಸಲ ಸಿದ್ಧರಾಮ. ಈ ಸಲ ರೂಪಾಭವಾನಿ. ಸುಗಲಾ ಎಲ್ಲಾ ಹೇಳ್ಯಾಳ ನನಗ." ರತ್ನಾಬಾಯಿ ಎರಡನೆಯ ಶೇಂಗಾ ಎತ್ತಿಕೊಂಡಳು. ಬಾಗಿಲ ಕಡೆ ಒಮ್ಮೆ ನೋಡಿ, ದನಿ ಇಳಿಸಿದಳು. "ಕುಂಡ್ರು ಇಲ್ಲಿ. ಪೆಟಗಿ ಸಿಕ್ತೋ ಇಲ್ಲೋ, ಅದನ್ನ ಹೇಳು ಮೊದಲ."

ಸಿಕ್ಕಿರಲಿಲ್ಲ. ಅದೇ ಕಠಿಣ. ಒಳ್ಳೆಯವ ಪೆಟ್ಟಿಗೆ ಮುಟ್ಟುತ್ತಾನೆ, ಮುಚ್ಚಳ ತೆರೆಯುತ್ತಾನೆ, ಬಂಗಾರ ಝಗ್ ಅನ್ನುತ್ತದೆ; ಅಷ್ಟರಲ್ಲಿ ಹಡಗು ಕುಸಿಯುತ್ತದೆ, ಪೆಟ್ಟಿಗೆ ಇನ್ನೂ ಆಳದ ಕತ್ತಲೆಗೆ ಉರುಳುತ್ತದೆ. ಅವನು ಖಾಲಿ ಕೈಯಲ್ಲಿ ಮೇಲೆ ಬಂದು ಆ ಹುಡುಗಿಯ ಮಾರಿ ನೋಡಿ ನಗುತ್ತಾನೆ. ಬರಿಗೈಲೆ ಮ್ಯಾಲ ಬಂದವ ಅಲ್ಲ ಅನ್ನುವ ಮನುಷ್ಯನಿಗೆ ಇದನ್ನು ಹೇಗೆ ಹೇಳುವುದು?

"ಸಿಕ್ತು ಅನ್ನು" ಅಂದಳು ರತ್ನಾಬಾಯಿ. ಹತ್ತು ನಿಮಿಷದ ಹಿಂದೆ ಸುಳ್ಳು ಹಿಡಿದವಳೇ ಇವಳು.

ಸಂಜೆ ಹೊತ್ತು ಮುಳುಗುವ ಮುಂದೆ ಅತ್ತೆ ಕಟ್ಟಿಕೊಟ್ಟ ಬುತ್ತಿ ತೆಗೆದುಕೊಂಡು ನೀಲಗಂಗಾ ಅಕ್ಕಲಕೋಟ ರಸ್ತೆಯ ಅವರ ಖೋಲಿಗೆ ಹೋದಳು. ಮೊದಲಿನಿಂದ ಹೇಳಿದಳು. ಒಕ್ಕಣ್ಣಿನವ ಬಂದಾಗ ತಾನೂ ಒಂದು ಕಣ್ಣು ಮುಚ್ಚಿದಳು. ಕಡೆಗೆ, "ಪೆಟಗಿ ಎತ್ಕೊಂಡು ಮ್ಯಾಲ ಬಂದಾ ಕಾಕಾ" ಅಂದಳು.

ಅಮೋಗಿ ಛಾವಣಿ ನೋಡುತ್ತಿದ್ದ. "ಎಷ್ಟು ದೊಡ್ಡದ್ರಿ ಪೆಟಗಿ?"

"ನಮ್ಮ ಮನಿ ಟ್ರಂಕಿನಷ್ಟು."

"ತುಂಬ ಬಂಗಾರ?"

"ತುಂಬ."

"ಹಗ್ಗ ಯಾರು ಜಗ್ಗಿದ್ರು?"

ನೀಲಗಂಗಾ ಸುಗಲಾಬಾಯಿಯ ಕಡೆ ನೋಡಿದಳು. "ಆ... ಆ ಹುಡಿಗಿ ಜಗ್ಗಿದ್ಲು."

ಅಮೋಗಿ ನಗಲಿಕ್ಕೆ ಹೋಗಿ ಕೆಮ್ಮಿದ, ಕೆಮ್ಮುತ್ತಲೇ ನಕ್ಕ. "ಆ ಚಡ್ಡಿ ಹುಡಿಗಿ? ಟ್ರಂಕ್ ತುಂಬ ಬಂಗಾರನ್ನ ಆಕಿ ಜಗ್ಗಿದ್ಲು? ನೀರಿನ ವಿಷಯದಾಗ ನನಗ ಸುಳ್ಳು ಹೇಳಬ್ಯಾಡ್ರಿ ತಂಗೆವ್ವಾ. ಏನಾತು?"

ಹೇಳಿದಳು. ಕುಸಿದದ್ದು, ಉರುಳಿದ್ದು, ಖಾಲಿ ಕೈ, ನಗು.

ಸುಗಲಾಬಾಯಿ ಎದ್ದು ಅವನ ಹಣೆ ಮುಟ್ಟಿ ನೋಡಿದಳು. ಆಮೇಲೆ ಅಂದ: "ಚಲೋ ಮಾಡ್ದ ಮಗಾ. ಅದು ಅಲ್ಲೇ ಇರ್ಲಿ. ಇಲ್ಲಂದ್ರ ನಾಳಿ ಮತ್ತ ಏನಂತ ನೆವ ಹೇಳಿ ಇಳೀತಾನ?"

ಅಂದಿನಿಂದ ಪ್ರತಿ ಗುರುವಾರ ಬುತ್ತಿ ಹೋಗುತ್ತಿತ್ತು, ಪಿಚ್ಚರ್ ಹೋಗುತ್ತಿತ್ತು. ಹೇಳಿ ಹೇಳಿ ನೀಲಗಂಗಾಳ ಬಾಯಲ್ಲಿ ಅದು ಬೆಳೆಯಿತು. ಸಮುದ್ರದ ತಳಕ್ಕೆ ಇಳಿಯಲು ಬಾವಿಯ ಪಾವಟಿಗೆ ಬಂದವು, ರಾಟಿ ಬಂತು, ಒಂದು ಮೂಲೆಯಲ್ಲಿ ರತ್ನಾಬಾಯಿಯ ಅತ್ತೆಯ ತಂಬಿಗೆಯೂ ಬಂತು. ಅಮೋಗಿ ತಿದ್ದುತ್ತಿದ್ದ: "ಅಷ್ಟು ಆಳದಾಗ ಕೆಂಪು ಬಣ್ಣ ಕಾಣಾಂಗಿಲ್ಲ, ಕರ್ರಗಾಗತೈತಿ." ಕಣ್ಣು ಮುಚ್ಚಿ ಕೇಳುತ್ತಿದ್ದ. ಆ ಹೊತ್ತಿನಲ್ಲಿ ಕೆಮ್ಮು ಕಡಿಮೆಯಾಗುತ್ತಿತ್ತು ಅಂತ ಸುಗಲಾಬಾಯಿ ಆಣೆ ಮಾಡಿ ಹೇಳುತ್ತಿದ್ದಳು. ಮನೆಯಲ್ಲಿ ರತ್ನಾಬಾಯಿ ಪೂಜೆ ಬೇಗ ಮುಗಿಸಿ ಕೇಳುತ್ತಿದ್ದಳು, "ಇವತ್ತೇನು ಹೊಸಾದು ಸೇರಿಸ್ದಿ?"

ಮರುವರ್ಷ ಬೇಸಿಗೆ ಮುಗಿಯುವಾಗ ತಮ್ಮಂದಿರು ಬಂದು ಅವನನ್ನು ಮೈಂದರ್ಗಿಗೆ ಕರೆದುಕೊಂಡು ಹೋದರು. ನೀಲಗಂಗಾ ನಾಗರ ಪಂಚಮಿಗೆ ತವರಿಗೆ ಅಕ್ಕಲಕೋಟಕ್ಕೆ ಬಂದವಳು, ಹಬ್ಬದ ಮರುದಿನವೇ ಜೋಳದ ಅಳ್ಳು, ತಂಬಿಟ್ಟು ಕಟ್ಟಿಕೊಂಡು ಮೈಂದರ್ಗಿ ಬಸ್ಸು ಹತ್ತಿದಳು. ಅಮಾವಾಸ್ಯೆಯ ಹೊತ್ತಿಗೆ ಅವನು ಹೋದ ಸುದ್ದಿ ಬರುವುದಿತ್ತು. ಅವಳಿಗೆ ಅದು ಗೊತ್ತಿರಲಿಲ್ಲ. ನೋಡಿದ ಕೂಡಲೆ ಗೊತ್ತಾದದ್ದು ಇಷ್ಟೇ, ಬಾಗಿಲಿನ ಅಗಲದ ಎದೆ ಕಿಟಕಿಯಷ್ಟಾಗಿತ್ತು. ಹಿತ್ತಲಲ್ಲಿ ಕುರಿಮರಿ ಒದರುತ್ತಿದ್ದವು. ಕಂಬಳಿಯ ಮೇಲೆ ಮಲಗಿದ್ದವ ಇವಳ ದನಿ ಕೇಳಿ ಹಣೆಯ ಮೇಲೆ ಕೈ ಆಡಿಸಿದ. ಸುಗಲಾಬಾಯಿ ತಿಳಿದುಕೊಂಡು ಚಿಟಿಕೆ ಭಂಡಾರ ಹಚ್ಚಿದಳು.

ನೀಲಗಂಗಾ ಶುರು ಮಾಡಿದಳು. ದೋಣಿ ಬಂತು. ಒಕ್ಕಣ್ಣಿನವ ಬಂದ, ಅವನನ್ನು ಬೇಗ ಕಳಿಸಿದಳು. ಒಳ್ಳೆಯವ ಬೆನ್ನಿಗೆ ಗಾಳಿಯ ಟಾಕಿ ಕಟ್ಟಿಕೊಂಡ. ನೀರಿಗೆ ಹಾರಿದ. ತಲೆಯ ಕಡೆ ಕೂತಿದ್ದ ಸುಗಲಾಬಾಯಿ, ತುಟಿ ಮಾತ್ರ ಅಲ್ಲಾಡುವಂತೆ, ಒಂದು ಎರಡು ಮೂರು ಅಂತ ಹೊರಟಳು. ನೀಲಿ ನೀರು ದಾಟಿ ಕಪ್ಪು ನೀರು ಬಂತು. ಪಾವಟಿಗೆ ಇಳಿದ. ತಂಬಿಗೆ ಸರಿಸಿದ. ಹಡಗಿನ ಬಾಗಿಲಲ್ಲಿ ಕೈ ಇಟ್ಟ. ಇನ್ನು ಪೆಟ್ಟಿಗೆ, ಇನ್ನು ಕುಸಿಯುವುದು, ಇನ್ನು ಮೇಲೆ.

ಅಮೋಗಿಯ ಬೆರಳು ಅವಳ ಬಳೆಯನ್ನು ಮುಟ್ಟಿತು.

"ತಂಗೆವ್ವಾ," ಅಂದ, "ಇವತ್ತ ಅವನ್ನ ಲಗೂನ ಮ್ಯಾಲ ಕರೀಬ್ಯಾಡ್ರಿ. ನೀರು ತಣ್ಣಗ ಐತಿ. ಇನ್ನೊಂದೀಟು ಹೊತ್ತು ಅಲ್ಲೇ ಇರ್ಲಿ."